ಆ ‘ಹೂಂ’ ಒಪ್ಪಿಗೆಯಲ್ಲ, ಸ್ವಾಮಿ

ನಮ್ಮ ರಾಜ್ಯದ ತಾಲೂಕು ಮತ್ತು ಜಿಲ್ಲಾ ಕೋರ್ಟುಗಳಲ್ಲಿ ಸಾಕ್ಷಿ ಬರೆಸಿಕೊಳ್ಳುವ ನ್ಯಾಯಾಧೀಶರಿಗೆ, ಪಾಟೀಸವಾಲು ಮಾಡುವ ವಕೀಲರಿಗೆ,

ನಮಸ್ಕಾರ.

ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ನನ್ನ ಕೈಕೆಲಸವನ್ನು ಮಾತ್ರ ಓದಿಯೇ ಇರುತ್ತೀರಿ. ಹಳೇ ಮೈಸೂರು ಸೀಮೆಯ ತಾಲೂಕು ಕೋರ್ಟುಗಳಲ್ಲಿ 29 ವರ್ಷ ಬೆರಳಚ್ಚುಗಾರ್ತಿಯಾಗಿದ್ದೆ. ಪೀಠದ ಕೆಳಗೆ, ಕಟಕಟೆಗೆ ನಾಲ್ಕು ಮೊಳ ದೂರದಲ್ಲಿ ನನ್ನ ಕುರ್ಚಿ. ಮೊದಲು ಕಾರ್ಬನ್ ಇಟ್ಟು ಕುಟ್ಟುವ ಮಿಷನ್ನು, ಆಮೇಲೆ ಕಂಪ್ಯೂಟರು, ಅದರಲ್ಲಿ ‘ನುಡಿ’ ಅನ್ನುವ ಕನ್ನಡ ತಂತ್ರಾಂಶ. ಸಾಕ್ಷಿ ಮಾತಾಡುತ್ತಾರೆ, ನ್ಯಾಯಾಧೀಶ ಸಾಹೇಬರು ಅದನ್ನು ಕೋರ್ಟಿನ ಕನ್ನಡಕ್ಕೆ ತಿರುಗಿಸಿ ಬರೆಸುತ್ತಾರೆ, ನಾನು ಹೊಡೆಯುತ್ತೇನೆ. ಕೊನೆಯಲ್ಲಿ ‘ನನ್ನ ಉಕ್ತಲೇಖನದ ಮೇರೆಗೆ ತೆರೆದ ನ್ಯಾಯಾಲಯದಲ್ಲಿ ಬೆರಳಚ್ಚು ಮಾಡಲಾಯಿತು’ ಅಂತ ಒಂದು ಸಾಲು. ಉಕ್ತಲೇಖನ ಸಾಹೇಬರದ್ದು. ಹಾಗಾದರೆ ಸಾಕ್ಷಿಯ ಮಾತು ಎಲ್ಲಿ ಹೋಯಿತು? ಈ ಪ್ರಶ್ನೆ ಆಗಾಗ ತಲೆಗೆ ಬರುತ್ತಿತ್ತು. ಕೆಲಸದಲ್ಲಿದ್ದಾಗ ಕೇಳುವ ಧೈರ್ಯ ಇರಲಿಲ್ಲ. ಈಗ ಪಿಂಚಣಿ ಬರ್ತಾ ಇದೆ, ಕೇಳುತ್ತೇನೆ.

ಒಂದು ಬದುವಿನ ಜಗಳ. ದಾಯಾದಿಗಳ ನಡುವೆ ಮಾತಿಗೆ ಮಾತು ಬೆಳೆದು ಕುಡುಗೋಲಿನಲ್ಲಿ ತೋಳಿಗೆ ಏಟು ಬಿದ್ದಿತ್ತು. ಪಕ್ಕದ ಹೊಲದ ಅಜ್ಜ ಸಾಕ್ಷಿ. ಎಪ್ಪತ್ತು ದಾಟಿದವರು. ಒಗೆದ ಬಿಳಿ ಅಂಗಿ, ಹೆಗಲ ಮೇಲಿನ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಕರೆಸಿದ ಕಡೆಯ ವಕೀಲರು ಕೇಳುವ ಮುಖ್ಯ ವಿಚಾರಣೆಯಲ್ಲಿ ಚೆನ್ನಾಗಿಯೇ ಹೇಳಿದರು. ರಾಗಿ ಹೊಲಕ್ಕೆ ಹೋಗಿದ್ದೆ, ಕೂಗು ಕೇಳಿತು, ತಿರುಗಿ ನೋಡಿದೆ, ಇಂಥವನು ಇಂಥವನಿಗೆ ಹೊಡೆದ. ಆಮೇಲೆ ಎದುರು ಕಡೆಯ ವಕೀಲರ ಪಾಟೀಸವಾಲು ಶುರುವಾಯಿತು. ವಕೀಲರು ದನಿ ಏರಿಸಲಿಲ್ಲ. ಮೆತ್ತಗೆ ಒಂದೊಂದೇ ಸಾಲು ಹೇಳುತ್ತಾ ಹೋದರು.

“ನೋಡಿ ಅಜ್ಜ, ನಿಮಗೆ ವಯಸ್ಸಾಗಿದೆ.”

“ಹೂಂ ಸ್ವಾಮಿ.”

“ಕಣ್ಣು ಮೊದಲಿನ ಹಾಗೆ ಕಾಣಲ್ಲ.”

“ಹೂಂ.”

“ಆವತ್ತು ನೀವು ಹೊಲಕ್ಕೆ ಹೋಗಿರಲಿಲ್ಲ. ಮನೇಲೇ ಇದ್ರಿ.”

“ಹೂಂ ಸ್ವಾಮಿ...”

ಸಾಹೇಬರು ಬರೆಸಿದರು: ‘ಘಟನೆ ನಡೆದ ದಿನ ನಾನು ಹೊಲಕ್ಕೆ ಹೋಗಿರಲಿಲ್ಲ, ಮನೆಯಲ್ಲಿಯೇ ಇದ್ದೆ ಎಂದರೆ ಸರಿ.’ ನಾನು ಹೊಡೆದೆ. ಅಜ್ಜನ ಬಾಯಿ ಇನ್ನೂ ತೆರೆದೇ ಇತ್ತು. ಆ ‘ಹೂಂ’ ಆದ ಮೇಲೆ ಏನೋ ಬರುವುದಿತ್ತು. ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು.

ಕನ್ನಡದ ಮನೆಯಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ, ಹೂಂ. ಏಳು ಸಮುದ್ರ ದಾಟಿದ, ಹೂಂ. ಅಂದರೆ ನಾವು ರಾಕ್ಷಸ ಮಾಡಿದ್ದನ್ನು ಒಪ್ಪಿಕೊಂಡೆವು ಅಂತಲ್ಲ. ಕೇಳಿಸಿಕೊಳ್ತಾ ಇದ್ದೀವಿ, ಮುಂದೆ ಹೇಳು ಅಂತ. ದೊಡ್ಡವರು, ಓದಿದವರು, ಕರೀಕೋಟು ಹಾಕಿದವರು ಮಾತಾಡುವಾಗ ಹೂಂ ಅನ್ನದೆ ಸುಮ್ಮನೆ ನಿಂತರೆ ಅದು ಸೊಕ್ಕು. ನಡುವೆ ಬಾಯಿ ಹಾಕಿ ‘ಇಲ್ಲ’ ಅಂದರೆ ಎದುರುತ್ತರ. ನಮ್ಮ ಅಜ್ಜ ಎಪ್ಪತ್ತು ವರ್ಷ ಕಲಿತ ಮರ್ಯಾದೆಯನ್ನು ಕೋರ್ಟಿನ ಬಾಗಿಲಲ್ಲಿ ಚಪ್ಪಲಿ ಜೊತೆ ಬಿಟ್ಟು ಬರಬೇಕಿತ್ತಾ?

ಮಧ್ಯಾಹ್ನ ಮೆಟ್ಟಿಲ ಹತ್ತಿರ ಸಿಕ್ಕಿದರು. “ನಾನು ಸರಿಯಾಗಿ ಹೇಳಿದ್ನೇನವ್ವ?” ಅಂತ ಕೇಳಿದರು. ನಾನು ‘ಹೂಂ’ ಅಂದೆ. ಕೇಸು ಏನಾಯಿತು ಅಂತ ಬರೆಯುವುದಿಲ್ಲ. ಬರೆದರೆ ನೀವು ಅದನ್ನೇ ಹಿಡಿದುಕೊಂಡು ಚರ್ಚೆ ಮಾಡುತ್ತೀರಿ, ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ.

ಈ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಇದೆಯಲ್ಲ, ಇದನ್ನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಪಾಟೀಸವಾಲಿನ ಪ್ರತಿ ಸಾಲಿನ ಕೊನೆಗೂ ಇದೇ ಬಾಲ. ‘ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಅಂತ ಕಡೇ ಸಾಲು. ಆದರೆ ಒಬ್ಬ ಸಾಕ್ಷಿಯೂ ಬಾಯಿಬಿಟ್ಟು ‘ಎಂದರೆ ಸರಿಯಲ್ಲ’ ಅಂದಿದ್ದನ್ನು ನಾನು ಕೇಳಿಲ್ಲ. ಅವರು ಹೇಳುತ್ತಿದ್ದುದೇ ಬೇರೆ. “ಹಂಗೇನಿಲ್ಲ ಸ್ವಾಮಿ.” “ಅದೇನೋಪ್ಪ.” “ಇದ್ರೂ ಇರಬಹುದು.” “ತಾವು ಹೇಳ್ತಾ ಇದೀರಿ...” “ತಾವು ತಿಳಿದೋರು ಬುದ್ಧಿ, ನಾನೇನು ಹೇಳ್ಲಿ.” ಈ ಕೊನೆಯದನ್ನು ಒಮ್ಮೆ ‘ಸರಿ’ ಅಂತ ಬರೆಸಿದರು. ‘ತಾವು ತಿಳಿದೋರು’ ಅಂದರೆ ನೀವು ಹೇಳಿದ್ದು ಸರಿ ಅಂತಲ್ಲ. ನಿಮ್ಮ ಜೊತೆ ವಾದಕ್ಕೆ ನಿಲ್ಲಲ್ಲ ಅಂತ. ಇನ್ನೂ ಬಿಡಿಸಿ ಹೇಳಬೇಕೆಂದರೆ, ನೀವು ಹೇಳ್ತಿರೋದು ಸುಳ್ಳು, ಅದನ್ನ ನಿಮ್ಮ ಮುಖಕ್ಕೆ ಹೇಳೋಕೆ ನನಗೆ ಬಾಯಿ ಬರ್ತಿಲ್ಲ ಅಂತ.

‘ಸರಿ’ಯ ಕಥೆಯೂ ಅಷ್ಟೇ. ನಮ್ಮಲ್ಲಿ ಸರಿ ಅಂದರೆ ನಿಜ ಅಂತಲೂ ಹೌದು, ಆಯ್ತು ಬಿಡಿ ಅಂತಲೂ ಹೌದು. “ನೀವು ಅಲ್ಲಿ ಇರಲೇ ಇಲ್ಲ ಅಂದ್ರೆ ಸರೀನಾ?” ಅಂತ ಒಬ್ಬ ಹಳ್ಳಿಯವರನ್ನು ಕೇಳಿ ನೋಡಿ. ಇಲ್ಲ ಅಂದರೆ ಇದ್ದೆ ಅಂತಾನಾ, ಇರಲಿಲ್ಲ ಅಂತಾನಾ? ಎಂ.ಎ. ಓದಿದವರಿಗೂ ಒಂದು ಕ್ಷಣ ಬೇಕು. ಕಟಕಟೆಯಲ್ಲಿ ಆ ಕ್ಷಣ ಸಿಗುವುದಿಲ್ಲ.

ನನ್ನ ಮಗಳು ಭಾಷಾವಿಜ್ಞಾನ ಓದಿದವಳು. ನಾನು ಅಡುಗೆಮನೆಯಲ್ಲಿ ಹೀಗೆಲ್ಲ ಗೊಣಗುತ್ತಿದ್ದಾಗ ಅವಳೇ ಹೇಳಿದ್ದು. ಆಸ್ಟ್ರೇಲಿಯಾದಲ್ಲಿ ಡಯಾನಾ ಈಡ್ಸ್ ಅನ್ನುವ ವಿದ್ವಾಂಸೆ ಅಲ್ಲಿನ ಮೂಲನಿವಾಸಿಗಳು ಪೊಲೀಸರ ಮುಂದೆ, ಕೋರ್ಟಿನಲ್ಲಿ ಹೇಗೆ ಮಾತಾಡುತ್ತಾರೆ ಅಂತ ವರ್ಷಗಟ್ಟಲೆ ನೋಡಿದರಂತೆ. ಪ್ರಶ್ನೆ ಅರ್ಥವಾಗಲಿ ಬಿಡಲಿ, ನಿಜವಾಗಲಿ ಬಿಡಲಿ, ಅಧಿಕಾರದಲ್ಲಿರುವವರು ಕೇಳಿದಾಗ ಅವರು ‘ಯೆಸ್’ ಅನ್ನುತ್ತಾರೆ. ಒಪ್ಪಿ ಅಲ್ಲ, ಜಗಳ ಬೇಡ ಅಂತ. 1992ರಲ್ಲಿ ಕ್ವೀನ್ಸ್‌ಲ್ಯಾಂಡಿನ ವಕೀಲರಿಗೆಂದೇ ಇದರ ಮೇಲೆ ಒಂದು ಕೈಪಿಡಿ ಬರೆದುಕೊಟ್ಟರು. ಕೇಳಿದಾಗ ನನಗೆ ನಮ್ಮ ರಾಗಿ ಹೊಲದ ಅಜ್ಜನ ಟವೆಲು ಕಣ್ಣ ಮುಂದೆ ಬಂತು. ನಮ್ಮ ವಕೀಲರಿಗೆ ಯಾರೂ ಕೈಪಿಡಿ ಬರೆಯಬೇಕಿಲ್ಲ. ಅವರೂ ಅದೇ ಹಳ್ಳಿಯವರು, ಅದೇ ಅಜ್ಜಿಗೆ ಹೂಂಗುಟ್ಟಿದವರು. ಗೊತ್ತಿದ್ದೇ ಕೇಳುತ್ತಾರೆ, ಅಲ್ವಾ?

ಅವರನ್ನು ಪೂರ್ತಿ ದೂರುವುದಿಲ್ಲ. ಕಕ್ಷಿದಾರನನ್ನು ಉಳಿಸುವುದು ಅವರ ಕಸುಬು. ಆದರೆ ಒಂದು ಮಾತು. ಮೆತ್ತಗಿನ ಮಾತು ವಕೀಲರ ಬಾಯಲ್ಲೂ ಬೇಕಾದಷ್ಟಿದೆ. ‘ವಿತ್ ಗ್ರೇಟ್ ರೆಸ್ಪೆಕ್ಟ್’ ಅಂತ ಶುರು ಮಾಡಿದರೆ ‘ಸಾಹೇಬರೇ, ನೀವು ತಪ್ಪು’ ಅಂತ ಅರ್ಥ. ‘ನನ್ನ ಕಲಿತ ಮಿತ್ರರು’ ಅಂದರೆ ‘ಎದುರಿಗಿರುವ ಈ ಮನುಷ್ಯನಿಗೆ ಏನೂ ಗೊತ್ತಿಲ್ಲ’ ಅಂತ. ಇದೆಲ್ಲ ಪೀಠಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. ಯಾವ ನ್ಯಾಯಾಧೀಶರೂ ‘ವಕೀಲರು ಗೌರವ ಅನ್ನುತ್ತಿದ್ದಾರೆ, ಅಂದರೆ ಅವರಿಗೆ ತಮ್ಮ ವಾದದಲ್ಲೇ ಅನುಮಾನವಿದೆ’ ಅಂತ ತೀರ್ಪು ಬರೆದಿದ್ದನ್ನು ನಾನು ಕಂಡಿಲ್ಲ. ಅದೇ ನಯ ಟವೆಲು ಹಿಡಿದವನ ಬಾಯಲ್ಲಿ ಬಂದರೆ ಅದು ‘ಸಾಕ್ಷಿಯ ಅನಿಶ್ಚಿತತೆ’.

ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಡ್ಯೂಕ್ ವಿಶ್ವವಿದ್ಯಾಲಯದ ವಿಲಿಯಂ ಓ’ಬಾರ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ನಾರ್ತ್ ಕೆರೊಲಿನಾದ ಕೋರ್ಟುಗಳಲ್ಲಿ ವಿಚಾರಣೆಗಳನ್ನು ಟೇಪು ಮಾಡಿದರು. ಆಮೇಲೆ ಒಂದೇ ಸಾಕ್ಷ್ಯವನ್ನು ಎರಡು ತರ ಹೇಳಿಸಿದರು. ಒಂದರಲ್ಲಿ ‘ಅನ್ಸುತ್ತೆ’, ‘ಒಂಥರಾ’, ‘ಸ್ವಲ್ಪ’ ಅನ್ನುವ ತರದ ಮಾತುಗಳು ತುಂಬಿದ್ದವು. ಇನ್ನೊಂದರಲ್ಲಿ ಇರಲಿಲ್ಲ. ವಿಷಯ ಒಂದೇ. ಕೇಳಿದವರು ಮೆತ್ತಗಿನ ಮಾತಿನವರನ್ನು ಕಮ್ಮಿ ನಂಬಿದರು. ಹೀಗೆ ಮಾತಾಡುವುದು ಹೆಂಗಸರ ಸ್ವಭಾವ ಅಂತ ಆಗ ಒಂದು ಮಾತಿತ್ತು. ಇವರು ನೋಡಿದರೆ ಸಮಾಜದಲ್ಲಿ ಕೆಳಗಿದ್ದ ಗಂಡಸರೂ ಹಾಗೇ ಮಾತಾಡುತ್ತಿದ್ದರು, ತಜ್ಞೆಯಾಗಿ ಸಾಕ್ಷಿ ಹೇಳಲು ಬಂದ ಹೆಂಗಸು ಹಾಗೆ ಮಾತಾಡುತ್ತಿರಲಿಲ್ಲ. ನಮ್ಮ ಕೋರ್ಟಿನಲ್ಲೂ ಡಾಕ್ಟರಮ್ಮ ಬಂದು ಗಾಯದ ಸರ್ಟಿಫಿಕೇಟು ಹಿಡಿದು ಕುರ್ಚಿಯಲ್ಲಿ ಕೂತು ಹೇಳುವ ಸಾಕ್ಷಿಗೂ, ಅದೇ ಗಾಯ ತಿಂದವಳು ನಿಂತು ಹೇಳುವ ಸಾಕ್ಷಿಗೂ ಇದೇ ವ್ಯತ್ಯಾಸ. ಗಾಯ ಆಗಿದ್ದು ಯಾರಿಗೆ ಅಂತ ದನಿ ಕೇಳಿ ಹೇಳಿದರೆ ತಪ್ಪಾಗಿಬಿಡುತ್ತದೆ.

ಇನ್ನು ಪ್ರಮಾಣವಚನ. ಸಿನಿಮಾದಲ್ಲಿ ತೋರಿಸುವ ಹಾಗೆ ಯಾರೂ ಭಗವದ್ಗೀತೆ ತಂದು ಮುಂದೆ ಹಿಡಿಯುವುದಿಲ್ಲ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ದೇವರ ಹೆಸರಲ್ಲಿ ಹೇಳಬಹುದು, ದೇವರು ಬೇಡದವರು ಸುಮ್ನೆ ದೃಢೀಕರಿಸಿ ಹೇಳಬಹುದು. ಓದಿದವರು ಅದನ್ನು ಗಡಗಡ ಹೇಳಿ ಮುಗಿಸುತ್ತಾರೆ. ಹಳ್ಳಿಯವರಿಗೆ ಅದು ಆಣೆ. ಆಣೆ ಇಟ್ಟ ಮೇಲೆ ತಪ್ಪಿ ಒಂದು ಮಾತು ಸುಳ್ಳಾದರೂ ಮನೆಗೆ ತಟ್ಟುತ್ತೆ, ಮಕ್ಕಳಿಗೆ ತಟ್ಟುತ್ತೆ. “ಎಷ್ಟು ಗಂಟೆಗೆ ನೋಡಿದಿರಿ?” ಅಂದರೆ ‘ಎಂಟು ಗಂಟೆ’ ಅನ್ನಲು ಭಯ. ಏಳೂಮುಕ್ಕಾಲು ಆಗಿದ್ದರೆ? ಹಾಗಾಗಿ “ಒಂದು ಎಂಟು ಎಂಟೂವರೆ ಇರಬೇಕು ಸ್ವಾಮಿ, ದನ ಕಟ್ಟಿ ಆಗಿತ್ತು” ಅನ್ನುತ್ತಾರೆ. ಇದಕ್ಕಿಂತ ನಿಜವಾದ ಉತ್ತರ ಯಾವುದಿದೆ? ಕೈಗಡಿಯಾರ ಇಲ್ಲದವನ ಲೆಕ್ಕ ಅದು. ಆದರೆ ನಾನು ಹೊಡೆದದ್ದು ‘ಸುಮಾರು 8-00 ಗಂಟೆಗೆ’. ದನ ಬಿಟ್ಟುಹೋದವು. ಆರು ತಿಂಗಳ ಮೇಲೆ ಎಫ್‌ಐಆರ್‌ನಲ್ಲಿ 8-45 ಅಂತ ಇದ್ದದ್ದು ಸಿಕ್ಕಿ ಅದೇ ದೊಡ್ಡ ವಿರೋಧಾಭಾಸವಾಯಿತು. ಸುಳ್ಳು ಹೇಳಲು ಬಂದವರನ್ನೂ ನಾನು ಕಂಡಿದ್ದೇನೆ. ಅವರು ‘ಎಂಟು ಇಪ್ಪತ್ತಕ್ಕೆ’ ಅನ್ನುತ್ತಾರೆ, ಒಂದು ಚೂರೂ ತಡವರಿಸುವುದಿಲ್ಲ.

ಸುಪ್ರೀಂ ಕೋರ್ಟಿಗೆ ಇದು ಗೊತ್ತಿಲ್ಲದ್ದೇನಲ್ಲ. 1983ರಲ್ಲಿ ಗುಜರಾತಿನಿಂದ ಬಂದ ಒಂದು ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ಬರೆದ ತೀರ್ಪು ನೀವೆಲ್ಲ ಓದಿದ್ದೀರಿ. ಗಂಟೆ, ಹೊತ್ತು ಕೇಳಿದರೆ ಜನ ಆ ಕ್ಷಣಕ್ಕೆ ತೋಚಿದ ಅಂದಾಜು ಹೇಳುತ್ತಾರೆ, ನಿಖರತೆ ನಿರೀಕ್ಷಿಸಬೇಡಿ ಅಂತ ಅದರಲ್ಲಿದೆ. ಪೂರ್ತಿ ನಿಜ ಹೇಳುವ ಸಾಕ್ಷಿಯೂ ಕೋರ್ಟಿನ ವಾತಾವರಣಕ್ಕೆ, ಚುಚ್ಚುವ ಪಾಟೀಸವಾಲಿಗೆ ಹೆದರಿ ಗೊಂದಲ ಮಾಡಿಕೊಳ್ಳಬಹುದು ಅಂತಲೂ ಇದೆ. ನಮ್ಮ ಸಾಹೇಬರುಗಳೇ ಇದನ್ನು ತೀರ್ಪಿನಲ್ಲಿ ಸೇರಿಸಿ ಬರೆಸಿದ್ದಾರೆ, ನಾನೇ ಹೊಡೆದಿದ್ದೇನೆ. ಬರೆಸಿ ಆದ ಮೇಲೆ ಮಧ್ಯಾಹ್ನ ಇನ್ನೊಂದು ಸಾಕ್ಷಿ ಬಂದು “ಇರಬೇಕು” ಅಂದರೆ “ಹೌದೋ ಅಲ್ವೋ ಹೇಳ್ರೀ” ಅಂತ ಗದರುತ್ತಾರೆ. ಅವರನ್ನೂ ತಪ್ಪು ಅನ್ನಲಾರೆ. ಆ ದಿನದ ಪಟ್ಟಿಯಲ್ಲಿ ಇನ್ನೂ ಎಷ್ಟೋ ಕೇಸು ಬಾಕಿ ಇರುತ್ತವೆ.

‘ಇರಬೇಕು’ ಅಂದೆನಲ್ಲ. ಅದೊಂದು ಪದ ಸಾಕು. ನಮಗೆ ಅದು ಬಹುಶಃ, ಅಂದಾಜಿಗೆ. ಕೇಸು ಮೇಲೆ ಹೋದಾಗ ಇಂಗ್ಲಿಷಿಗೆ ಹಾಕುವವರು ‘ಮಸ್ಟ್’ ಅಂತ ಹಾಕಿದ್ದನ್ನು ನೋಡಿದ್ದೇನೆ. ಅಲ್ಲಿಗೆ ಅಂದಾಜು ಹೋಗಿ ಖಚಿತವಾಯಿತು. ‘ಅಂತೆ’ ಇನ್ನೂ ಚೆಂದ. ಕೇಳಿ ತಿಳಿದ ಮಾತಿಗೆ ಸಾಕ್ಷ್ಯದಲ್ಲಿ ಬೆಲೆಯಿಲ್ಲ ಅಂತ ಕಾನೂನು ಎಷ್ಟು ಪುಟ ಬರೆದಿದೆ. ಕನ್ನಡದ ಹೆಂಗಸು ಎರಡೇ ಅಕ್ಷರದಲ್ಲಿ ಅದನ್ನು ಬೇರೆ ಮಾಡಿ ಇಡುತ್ತಾಳೆ. “ಅವನು ಬಂದ, ಬಾಗಿಲು ಒದ್ದ. ಆಮೇಲೆ ಕೆರೆ ಕಡೆ ಓಡಿದನಂತೆ.” ಮೊದಲ ಎರಡು ಕಣ್ಣಾರೆ ಕಂಡದ್ದು, ಮೂರನೆಯದು ಯಾರೋ ಹೇಳಿದ್ದು. ಕೇಳದೆಯೇ ಹೇಳಿದ್ದಾಳೆ. ಬರೆಸುವಾಗ ‘ನಂತರ ಕೆರೆಯ ಕಡೆಗೆ ಓಡಿಹೋದನು’. ಅಂತೆ ಇಲ್ಲ. ಪಾಟೀಸವಾಲಿನಲ್ಲಿ “ಕೆರೆ ಕಡೆ ಓಡಿದ್ದನ್ನು ನೀವು ನೋಡಿಲ್ಲ ಅಲ್ವಾ?” ಅಂದರೆ “ನೋಡಿಲ್ಲ ಸ್ವಾಮಿ” ಅನ್ನುತ್ತಾಳೆ. ತೀರ್ಪಿನಲ್ಲಿ ‘ಸಾಕ್ಷಿ ತನ್ನ ಮುಖ್ಯ ವಿಚಾರಣೆಗೆ ವಿರುದ್ಧವಾಗಿ ನುಡಿದಿದ್ದಾರೆ’. ಅವಳು ವಿರುದ್ಧ ನುಡಿದೇ ಇಲ್ಲ. ಎರಡಕ್ಷರ ನಾವು ತಿಂದೆವು.

ಅಶುಭ ಅಂತ ನುಡಿಯದ ಮಾತುಗಳದ್ದು ಬೇರೆಯೇ ಕಥೆ. ಗಂಡನಿಂದ ಏಟು ತಿಂದ ಒಬ್ಬರು “ಕೈ ತಿರುಚಿದರು, ಬಳೆ ಹೆಚ್ಚಿದ್ವು” ಅಂದರು. ಬಳೆ ಒಡೆಯಿತು ಅನ್ನಬಾರದು, ಮುತ್ತೈದೆಗೆ ಅದು ಕೆಟ್ಟ ಮಾತು. ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಸಾಹೇಬರು ‘ಬಳೆಗಳು ಹೆಚ್ಚಾದವು’ ಅಂತ ಬರೆಸಿದರು. ನಾನು ತಲೆ ಎತ್ತಿ, “ಒಡೆದವು ಅಂತ ಸಾರ್” ಅಂದೆ. ಅಷ್ಟು ವರ್ಷದಲ್ಲಿ ನಾನು ಬಾಯಿ ಹಾಕಿದ್ದು ಅದೊಂದೇ ಸಲ. ಅವರು ನಕ್ಕು ತಿದ್ದಿಸಿದರು, ಒಳ್ಳೆಯವರು. ಇನ್ನೊಂದು ಕೋರ್ಟಿನಲ್ಲಿದ್ದ ಗೆಳತಿ ಹೇಳಿದ್ದು: ಹಾವು ಕಚ್ಚಿ ಸತ್ತ ಮಗನ ಬಗ್ಗೆ ತಾಯಿ “ಹುಳ ಮುಟ್ಟಿತು” ಅಂದರೆ ಕಾಗದದಲ್ಲಿ ‘ಕೀಟ ಕಚ್ಚಿ’ ಅಂತ ಬಂದಿತ್ತಂತೆ. ಗಂಡನ ಹೆಸರು ಹೇಳದೆ ಹತ್ತು ನಿಮಿಷ ನಿಂತ ಅಜ್ಜಿಯರಂತೂ ಲೆಕ್ಕವಿಲ್ಲ. ಕೊನೆಗೆ ಕೋರ್ಟಿನಲ್ಲಿ ಹೆಸರು ಕೂಗುವ ದಲಾಯತನೇ ಹೇಳಿಬಿಡುತ್ತಿದ್ದ.

ಸಿವಿಲ್ ಕಡೆ ಇನ್ನೊಂದು ವಿಚಿತ್ರ ಇದೆ. 2002ರ ಜುಲೈ 1ರಿಂದ ಸಿವಿಲ್ ದಾವೆಗಳಲ್ಲಿ ಮುಖ್ಯ ವಿಚಾರಣೆಯನ್ನು ಪ್ರಮಾಣಪತ್ರದ ಮೂಲಕವೇ ಕೊಡಬೇಕು. ಹೊತ್ತು ಉಳಿಯಿತು, ನಿಜ. ಆದರೆ ಅದನ್ನು ಬರೆಯುವವರು ವಕೀಲರು. ‘ದಾವಾ ಸ್ವತ್ತು ನನ್ನ ನಿರಾತಂಕ ಸ್ವಾಧೀನಾನುಭವದಲ್ಲಿರುತ್ತದೆ’ ಅಂತ ಹತ್ತು ಪುಟ ಕಲ್ಲಿನ ಹಾಗೆ ಗಟ್ಟಿ ಕನ್ನಡ. ಕೆಳಗೆ ಒಂದು ಹೆಬ್ಬೆಟ್ಟು. ಪಾಟೀಸವಾಲಿನ ದಿನ ಆ ಹೆಬ್ಬೆಟ್ಟಿನ ಯಜಮಾನತಿ ಬಂದು ತನ್ನ ಸ್ವಂತ ಬಾಯಲ್ಲಿ “ನಾವೇ ಉಳ್ತಾ ಇದ್ವಿ ಅನ್ಸುತ್ತೆ, ನಮ್ಮ ಮಾವನ ಕಾಲದಿಂದ ಅಂತೆ” ಅನ್ನುತ್ತಾಳೆ. ಹತ್ತು ಪುಟ ಗರ್ಜಿಸಿದವಳು ಈಗ ಯಾಕೆ ತೊದಲುತ್ತಾಳೆ ಅಂತ ಎಲ್ಲರಿಗೂ ಅನುಮಾನ. ಗರ್ಜಿಸಿದ್ದು ಅವಳಲ್ಲ ಸ್ವಾಮಿ. ಅವಳ ದನಿ ಕೋರ್ಟಿಗೆ ಕೇಳಿದ್ದೇ ಆವತ್ತು ಮೊದಲ ಸಲ.

ಈಗ ಬರೆಯಲು ಕಷ್ಟವಾದದ್ದಕ್ಕೆ ಬರುತ್ತೇನೆ.

1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಕೇಸುಗಳು. ಜಾತಿ ಹೆಸರು ಹಿಡಿದು ನಾಲ್ಕು ಜನರ ಮುಂದೆ ಬೈದರೆ ಅದು ಅಪರಾಧ. ಹಾಗಾಗಿ ಏನಂತ ಬೈದರು ಅನ್ನುವುದು ಮುಖ್ಯ. ಪೊಲೀಸರು ಎಷ್ಟೋ ಸಲ ದೂರಿನಲ್ಲಿ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಅಂತ ಬರೆದು ಕೈತೊಳೆದುಕೊಂಡಿರುತ್ತಾರೆ. ಅವಾಚ್ಯ ಅಂದರೆ ನುಡಿಯಬಾರದ್ದು. ಸರ್ಕಾರವೇ ನುಡಿಯಲು ನಾಚಿದ ಮಾತನ್ನು ಬೈಸಿಕೊಂಡವಳು ಕಟಕಟೆಯಲ್ಲಿ ನಿಂತು ಗಟ್ಟಿಯಾಗಿ ಹೇಳಬೇಕು. “ಏನಂತ ಬೈದರು?” “ಬಾಯಿಗೆ ಬಂದಂಗೆ ಬೈದ್ರು ಸ್ವಾಮಿ.” “ಅದೇ, ಏನಂತ?” “ಬರಬಾರದ್ದೆಲ್ಲ ಬೈದ್ರು.” “ಪದ ಹೇಳಮ್ಮ.” ಆಕೆ ಪೀಠದ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಆ ಕೋರ್ಟ್ ಹಾಲ್‌ನಲ್ಲಿ ಇದ್ದ ಇನ್ನೊಬ್ಬ ಹೆಂಗಸು ನಾನೊಬ್ಬಳೇ. “ಹೇಳಕ್ಕಾಗಲ್ಲ ಸ್ವಾಮಿ” ಅಂದಳು.

ನಾನು ಹೊಡೆದೆ: ‘ಆರೋಪಿಯು ಯಾವ ಪದಗಳಿಂದ ಬೈದನೆಂದು ಹೇಳಲು ಆಗುವುದಿಲ್ಲ.’ ಓದಿದವರಿಗೆ ಏನನ್ನಿಸುತ್ತದೆ? ಅವಳಿಗೆ ಗೊತ್ತಿಲ್ಲ ಅಂತ, ಅಥವಾ ಮರೆತಿದ್ದಾಳೆ ಅಂತ. ಅವಳಿಗೆ ಗೊತ್ತಿತ್ತು. ಸಾಯುವ ತನಕ ಮರೆಯುವುದಿಲ್ಲ. ಹೇಳಕ್ಕಾಗಲ್ಲ ಅಂದರೆ ಬಾಯಿ ಬರ್ತಿಲ್ಲ ಅಂತ. ಅಕ್ಷರಕ್ಕೆ ಅಕ್ಷರ ನಾನು ಸರಿಯಾಗಿಯೇ ಹೊಡೆದಿದ್ದೆ, ಅರ್ಥ ಮಾತ್ರ ತಲೆಕೆಳಗಾಗಿತ್ತು.

ಮೈಮೇಲೆ ಕೈ ಹಾಕಿದ ಕೇಸುಗಳಲ್ಲಿ ಇನ್ನೂ ಕಷ್ಟ. “ಕೆಟ್ಟದಾಗಿ ನಡ್ಕೊಂಡ.” “ತೊಂದರೆ ಕೊಟ್ಟ.” “ಹಾಳು ಮಾಡ್ಬಿಟ್ಟ.” ಒಬ್ಬೊಬ್ಬರಿಗೆ ಇದಕ್ಕಿಂತ ಮುಂದೆ ಪದವೇ ಇರುವುದಿಲ್ಲ, ಯಾರೂ ಕಲಿಸಿರುವುದಿಲ್ಲ. ಅವರು ಮುಚ್ಚಿಡುತ್ತಿಲ್ಲ, ಅವರ ಭಾಷೆ ಅಲ್ಲಿಗೆ ಮುಗಿಯುತ್ತದೆ. ಕಾನೂನಿಗೆ ಇದು ಸಾಲದು ಅಂತಲೂ ನನಗೆ ಗೊತ್ತು. 2024ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆಯ ಒಂದು ಕೇಸಿನಲ್ಲಿ ಶಿಕ್ಷೆ ರದ್ದು ಮಾಡಿತು. ಅಪ್ರಾಪ್ತ ಹುಡುಗಿ ‘ಶಾರೀರಿಕ ಸಂಬಂಧ’ ಅನ್ನುವ ಮಾತು ಬಳಸಿದ್ದಳು. ಆ ಮಾತೊಂದರಿಂದಲೇ ಲೈಂಗಿಕ ದೌರ್ಜನ್ಯ ಆಯಿತು ಅಂತ ತೀರ್ಮಾನಿಸಲು ಬರುವುದಿಲ್ಲ ಅಂದಿತು ಹೈಕೋರ್ಟು. ನನಗೆ ಹೈಕೋರ್ಟಿನ ಮೇಲೆ ಸಿಟ್ಟಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ಅವರು ಎಲ್ಲಿಂದ ಓದಬೇಕು? ಕೆಳಗೆ ಕೂತು ಬರೆದುಕೊಂಡವರು ‘ಹಾಗಂದ್ರೆ ಏನಮ್ಮ’ ಅಂತ ಮೆತ್ತಗೆ ಇನ್ನೊಂದು ಪ್ರಶ್ನೆ ಕೇಳಿದ್ದರೆ ಅನ್ನುವುದಷ್ಟೇ ನನ್ನ ಸಂಕಟ. ಕೇಳುವ ದಾರಿಗಳಿವೆ. ಪಾಟೀಸವಾಲಿನ ಇಂಥ ಪ್ರಶ್ನೆಗಳನ್ನು ಬರೆದು ನ್ಯಾಯಾಧೀಶರ ಕೈಗೆ ಕೊಡಿ, ಅವರು ನಾಚಿಕೆಯಾಗದ ಮಾತಿನಲ್ಲಿ ಕೇಳಲಿ ಅಂತ ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. 2012ರ ಪೋಕ್ಸೊ ಕಾಯ್ದೆಯಲ್ಲಂತೂ ಮಗುವಿಗೆ ಪ್ರಶ್ನೆ ಕೇಳಬೇಕಾದವರೇ ನ್ಯಾಯಾಧೀಶರು.

ಹಾಗಂತ ಮೆತ್ತಗೆ ಮಾತಾಡುವವರೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳುತ್ತಿಲ್ಲ. ನುಣುಚಿಕೊಳ್ಳಲೂ ಇದೇ ಮಾತು ಬೇಕು. “ಸರಿಯಾಗಿ ನೋಡ್ಲಿಲ್ಲ ಸ್ವಾಮಿ” ಅನ್ನುವವನು ಸರಿಯಾಗಿಯೇ ನೋಡಿರುತ್ತಾನೆ. ನಾಳೆ ಅದೇ ಬೀದಿಯಲ್ಲಿ ನೀರು ಹಿಡಿಯಬೇಕು, ಅದೇ ಡೇರಿಗೆ ಹಾಲು ಹಾಕಬೇಕು. ಅವನನ್ನು ಪ್ರತಿಕೂಲ ಸಾಕ್ಷಿ, ಅಂದರೆ ಕರೆಸಿದವರಿಗೇ ತಿರುಗಿಬಿದ್ದವನು ಅಂತ ಘೋಷಿಸಿ ಕಳಿಸುತ್ತೀರಿ. ನಾನು ಕೂತ ಜಾಗದಿಂದ ಒಂದು ಅಂದಾಜು ಸಿಕ್ಕಿತ್ತು. ನಿಜದ ಸಾಕ್ಷಿ ಅಂಚಿನಲ್ಲಿ ಅಲುಗಾಡುತ್ತಾನೆ: ಗಂಟೆ, ದೂರ, ಎಷ್ಟು ಜನ. ನುಣುಚುವವನು ನಡುವಿನಲ್ಲಿ ಅಲುಗಾಡುತ್ತಾನೆ: ಹೊಡೆದವನು ಯಾರು. ಗಂಟೆಯನ್ನು ಮಾತ್ರ ಬೇಕಾದರೆ ನಿಮಿಷದ ಲೆಕ್ಕದಲ್ಲಿ ಹೇಳುತ್ತಾನೆ. ಆದರೆ ಈ ಅಳತೆಗೋಲು ಬೈಸಿಕೊಂಡ ಆ ಹೆಂಗಸಿನ ‘ಹೇಳಕ್ಕಾಗಲ್ಲ’ದ ಮುಂದೆ ಮುರಿದುಬೀಳುತ್ತದೆ. ಅವಳು ಅಲುಗಾಡಿದ್ದು ನಡುವಿನಲ್ಲೇ. ಹಾಗಾಗಿ ಯಾರಿಗೂ ಇದನ್ನು ಸೂತ್ರ ಅಂತ ಕೊಡುವುದಿಲ್ಲ. ಕಿವಿಯಿಂದ ಕೇಳಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಎಷ್ಟೋ ಸಲ ಸಾಕ್ಷಿ ಕೇಳಿದ ಸಾಹೇಬರು ವರ್ಗವಾಗಿ ಹೋಗಿರುತ್ತಾರೆ. ತೀರ್ಪು ಬರೆಯುವವರು ನನ್ನ ಕಾಗದ ಮಾತ್ರ ಓದುತ್ತಾರೆ. ಅದಕ್ಕೇ ಕಾಗದದಲ್ಲಿ ಏನಿದೆ ಅನ್ನುವುದು ಇಷ್ಟು ಮುಖ್ಯ.

ಕಾನೂನು ಬದಲಿಸಿ ಅಂತ ಕೇಳಲು ನಾನು ಯಾರು? ಇರುವುದನ್ನೇ ಬಳಸಿ ಅಂತ ಕೇಳುತ್ತಿದ್ದೇನೆ. 2024ರ ಜುಲೈ 1ರಿಂದ ಹಳೆಯ ಕ್ರಿಮಿನಲ್ ಮತ್ತು ಸಾಕ್ಷ್ಯ ಕಾನೂನುಗಳ ಜಾಗಕ್ಕೆ ಹೊಸವು ಬಂದಿವೆ. ಕಲಂಗಳ ನಂಬರು ಬದಲಾಗಿದೆ, ಈ ವಿಷಯದಲ್ಲಿ ಒಳಗಿನ ತಿರುಳು ಹಾಗೇ ಇದೆ. ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನದ ರೂಪದಲ್ಲಿ ಬರೆಯಿರಿ, ಬೇಕೆನಿಸಿದ ಕಡೆ ಪ್ರಶ್ನೆ ಮತ್ತು ಉತ್ತರವಾಗಿ ಬರೆಯಿರಿ ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 311ನೇ ಕಲಂ ಸೆಷನ್ಸ್ ನ್ಯಾಯಾಧೀಶರಿಗೆ ಬಿಟ್ಟುಕೊಟ್ಟಿದೆ. ಮೆತ್ತಗಿನ ಉತ್ತರ ಬಂದಾಗ ಆ ಅವಕಾಶ ಬಳಸಿ. ‘ಉತ್ತರ: ತಾವು ತಿಳಿದೋರು ಬುದ್ಧಿ’ ಅಂತಲೇ ಬರೆಸಿ. ಕಾಗದ ಹಾಳಾಗುವುದಿಲ್ಲ. ಯಾವ ಸಾಕ್ಷಿಗೆ ಬೇಕಾದರೂ ಯಾವ ಪ್ರಶ್ನೆ ಬೇಕಾದರೂ ಕೇಳುವ ಅಧಿಕಾರ ಭಾರತೀಯ ಸಾಕ್ಷ್ಯ ಅಧಿನಿಯಮದ 168ನೇ ಕಲಂನಲ್ಲಿ ನಿಮಗಿದೆ. “ಅಜ್ಜ, ಹೂಂ ಅಂದ್ರಲ್ಲ, ಹೌದು ಅಂತಾನೋ, ಕೇಳಿಸ್ತು ಅಂತಾನೋ?” ಇದಕ್ಕೆ ಅರ್ಧ ನಿಮಿಷ ಸಾಕು. ಸರ್ಕಾರಿ ವಕೀಲರಿಗೂ ಒಂದು ಮಾತು. ಪಾಟೀಸವಾಲು ಆದ ಮೇಲೆ ನಿಮ್ಮ ಸಾಕ್ಷಿಯನ್ನು ಮತ್ತೆ ಕೇಳಿ ಗೊಂದಲ ಬಿಡಿಸಬಹುದು, ಅದೇ ಮರು ವಿಚಾರಣೆ. ‘ಮರು ವಿಚಾರಣೆ: ಇಲ್ಲ’ ಅಂತ ನೀವು ಎದ್ದು ನಿಲ್ಲುವ ಮೊದಲೇ ನನ್ನ ಬೆರಳು ಹೊಡೆದಿರುತ್ತಿತ್ತು, ಅಷ್ಟು ರೂಢಿ. ಒಮ್ಮೊಮ್ಮೆ ‘ಇದೆ’ ಅನ್ನಿ.

ಕಡೆಯದಾಗಿ, ಓದಿ ಹೇಳುವುದು. ಸಾಕ್ಷ್ಯ ಮುಗಿದ ಮೇಲೆ ಸಾಕ್ಷಿಗೆ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು, ಬೇರೆ ಭಾಷೆಯಲ್ಲಿ ಬರೆದಿದ್ದರೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು ಅಂತ ಅದೇ ಸುರಕ್ಷಾ ಸಂಹಿತೆಯ 313ನೇ ಕಲಂ ಹೇಳುತ್ತದೆ. ನಾವು ಮಾಡುತ್ತಿದ್ದದ್ದು ಹೀಗೆ: ಮಧ್ಯಾಹ್ನ ಎರಡು ಗಂಟೆ, ಎಲ್ಲರಿಗೂ ಹಸಿವು. ಬೆಂಚ್ ಕ್ಲರ್ಕ್ ರೈಲು ಓಡಿಸಿದ ಹಾಗೆ ಓದುತ್ತಾರೆ. ಸ್ವಾಧೀನಾನುಭವ, ಪ್ರಾ.ಸಾ. 3, ಎಂದರೆ ಸರಿಯಲ್ಲ, ಎಂದರೆ ಸರಿ. ಓದಿ ಮುಗಿಸಿ “ಸರಿ ಇದೆಯೇನಮ್ಮ?” ಅಂತ ಕೇಳುತ್ತಾರೆ. ಅದಕ್ಕೆ ಏನು ಉತ್ತರ ಬರುತ್ತದೆ ಅಂತ ನಿಮಗೆ ಈಗ ಗೊತ್ತು.

ದಯವಿಟ್ಟು ಆ ಪ್ರಶ್ನೆಯನ್ನು ಹಾಗೆ ಕೇಳಬೇಡಿ. ನಿಧಾನವಾಗಿ ಓದಿಸಿ, “ಇದರಲ್ಲಿ ಎಲ್ಲಿ ತಪ್ಪಾಗಿದೆ, ಹೇಳಿ” ಅಂತ ಕೇಳಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕಾಯಿರಿ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಬೆರಳಚ್ಚುಗಾರ್ತಿ